ಕೌದಿ ಇಳಿಸಿದ ಭಾನುವಾರ

ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಸಂಗೀತ ಕೇಳಲು ಏಳು ಮಂದಿ ಗಂಡಸರು ಬರುತ್ತಿದ್ದರು. ಅವರಲ್ಲಿ ಒಬ್ಬರಿಗೂ ಸಂಗೀತ ಬೇಕಾಗಿರಲಿಲ್ಲ. ಒಬ್ಬರಿಗೆ ಅವ್ವ ಮಾಡುತ್ತಿದ್ದ ಚುರುಮುರಿ ಸೂಸಲ ಬೇಕಾಗಿತ್ತು, ಇನ್ನೊಬ್ಬರಿಗೆ ಹೆಂಡತಿಯಿಂದ ಮೂರು ತಾಸು ತಪ್ಪಿಸಿಕೊಂಡರೆ ಸಾಕಾಗಿತ್ತು, ಉಳಿದವರಿಗೆ ಜಾಗೀರದಾರ ಸಾಹೇಬರ ಕಣ್ಣಿಗೆ ಬೀಳಬೇಕಾಗಿತ್ತು. ಸಾಹೇಬರು ಅಪ್ಪನ ಕಚೇರಿಯ ದೊಡ್ಡ ಅಧಿಕಾರಿ. ಅವರ ಊರೂ ನಮ್ಮ ಊರೂ ಕಲಬುರ್ಗಿಯ ಕಡೆಯವೇ ಆದ್ದರಿಂದ ಹೈದರಾಬಾದಿನಂಥ ಊರಲ್ಲಿ ಕನ್ನಡ ಮಾತಾಡಲು ಒಂದು ಜಾಗ ಬೇಕೆಂದು ಅವರೇ ಒಮ್ಮೆ ಅಂದರು. ಅಂದದ್ದೇ ತಡ, ಅಪ್ಪ ಆ ಜಾಗ ನಮ್ಮ ಮನೆಯ ಹಾಲ್ ಎಂದುಬಿಟ್ಟ. ಅದಕ್ಕೆ ‘ಶ್ರವಣ ಮಂಡಳಿ’ ಎಂದು ಹೆಸರಿಟ್ಟರು. ಅಪ್ಪ ಅದರ ಕಾರ್ಯದರ್ಶಿ, ಅಂದರೆ ಶನಿವಾರ ಜಮಖಾನ ಝಾಡಿಸಿ ಭಾನುವಾರ ಹಾಸಿ ಮಧ್ಯಾಹ್ನ ಮಡಚಿಡುವವನು. ಕನ್ನಡ ಮಾತಾಡಲೆಂದು ಸೇರಿದವರು ಅರ್ಧ ಗಂಟೆಯಲ್ಲಿ ಉರ್ದುವಿಗೆ ತಿರುಗಿ, ಬಡ್ತಿ ಮತ್ತು ವರ್ಗಾವಣೆಯ ಮಾತಿಗೆ ಇಳಿದು, ನಡುನಡುವೆ ‘ವಾಹ್’ ಅನ್ನುತ್ತಿದ್ದರು. ಟೇಪು ಅದರ ಪಾಡಿಗೆ ಅದು ಓಡುತ್ತಿತ್ತು.

ಕೂರುವುದಕ್ಕೂ ಕ್ರಮವಿತ್ತು. ಗಾದಿ ಮತ್ತು ಲೋಡು ಸಾಹೇಬರಿಗೆ. ಅವರ ಬಲಕ್ಕೆ ಹಣಮಂತರಾಯರು, ಆಮೇಲೆ ಹುದ್ದೆಯ ಪ್ರಕಾರ ಬಾಗಿಲ ತನಕ. ಬಲಕ್ಕೆ ಎಂದು ಯಾಕೆ ಹೇಳಿದೆನೆಂದರೆ ಸಾಹೇಬರ ಎಡಗಿವಿ ಕೇಳುತ್ತಿರಲಿಲ್ಲ. ಅದು ಇಡೀ ಕಚೇರಿಗೆ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಕಾಗದ ಹಿಡಿದು ಹೋದವರು ಮೇಜು ಸುತ್ತಿ ಬಲಗಡೆಗೇ ಹೋಗಿ ನಿಲ್ಲುತ್ತಿದ್ದರಂತೆ. ಕಿವಿ ಕೇಳದಿರುವುದು ತಪ್ಪಲ್ಲ. ನಮ್ಮಜ್ಜಿಗೂ ಕೇಳುತ್ತಿರಲಿಲ್ಲ, ಆಕೆ ‘ಏನಂದಿ?’ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದಳು. ಸಾಹೇಬರು ಕೇಳುತ್ತಿರಲಿಲ್ಲ, ತಲೆಯಾಡಿಸುತ್ತಿದ್ದರು. ಅವರ ತಲೆ ಆಡಿದ ಕಡೆಯೇ ತಾಳದ ಮೊದಲ ಪೆಟ್ಟು, ಸಮ್, ಬಿತ್ತೆಂದು ಹಣಮಂತರಾಯರು ತೊಡೆ ತಟ್ಟುತ್ತಿದ್ದರು. ತಬಲಾದವನು ಅಲ್ಲಿಂದ ನಾಲ್ಕು ಮಾತ್ರೆ ಹಿಂದೆಯೋ ಮುಂದೆಯೋ ಎಲ್ಲಾದರೂ ಇದ್ದುಕೊಳ್ಳಲಿ.

ಇನ್ನು ಆ ಹಾಲ್. ಮೆಹದಿಪಟ್ಟಣಂನ ಬಸ್ ನಿಲ್ದಾಣದಿಂದ ಹತ್ತು ನಿಮಿಷ ಒಳಗೆ ನಡೆದರೆ ಸಿಗುತ್ತಿದ್ದ ಹಳೆಯ ಬಂಗಲೆಯ ಮುಂಭಾಗ ಅದು. ಯಾರೋ ಜಮೀನುದಾರ ತನ್ನ ದರಬಾರಿಗೆ ಕಟ್ಟಿಸಿದ್ದು, ದರಬಾರು ಹೋದ ಮೇಲೆ ಬಾಡಿಗೆಗೆ ಬಿದ್ದಿತ್ತು. ನೆಲಕ್ಕೆ ಶಹಾಬಾದಿ ಕಲ್ಲು, ಏಣಿ ಹಾಕಿದರೂ ಕೈಗೆಟುಕದ ಮಾಳಿಗೆ, ಎದುರುಬದುರು ಬೋಳು ಗೋಡೆಗಳು. ಅದರ ಹಿಂದೆ ನಾವು ಬದುಕುವ ಎರಡು ಚಿಕ್ಕ ಕೋಣೆ ಮತ್ತು ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಹಾಲ್‌ಗಾಗಿಯೇ ಅಪ್ಪ ಈ ಮನೆ ಹಿಡಿದಿದ್ದ. ಅವ್ವನಿಗೆ ಅದನ್ನು ಕಂಡರಾಗುತ್ತಿರಲಿಲ್ಲ.

“ಮದುವಿ ಮಂಟಪದಾಗ ಸಂಸಾರ ಮಾಡಾಕತ್ತೀವಿ ನೋಡ್ರಿ. ಮುಂದ ಕುದರಿ ಓಡಿಸಬೌದು, ಹಿಂದ ರೊಟ್ಟಿ ಬಡ್ಯಾಕ ಮೊಣಕೈ ಚಾಚಾಕ ಬರೂದಿಲ್ಲ.”

ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಅವ್ವನ ಮಾತಿಗೆ ಉತ್ತರ ಕೊಡದಿರುವುದನ್ನು ಅವನು ಸಂಸ್ಕಾರ ಎಂದು ತಿಳಿದಿದ್ದ.

ಆದರೆ ಒಂದು ಮಾತು ಹೇಳಲೇಬೇಕು, ಹೇಳಲು ಇಷ್ಟವಿಲ್ಲದಿದ್ದರೂ. ಅಪ್ಪನಿಗೆ ಕಿವಿ ಇತ್ತು. ಆ ಏಳು ಮಂದಿ ಹೋದ ಮೇಲೆ, ಜಮಖಾನ ಮಡಚುವ ಮೊದಲು, ಅವನು ಅದೇ ಟೇಪನ್ನು ಮತ್ತೆ ಹಚ್ಚಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದ. ನನಗೆ ಆಗ ಹನ್ನೊಂದು.

“ಕಣ್ಣು ಮುಚ್ಚು. ತಬಲಾದವ ಎಲ್ಲಿ ಕೂತಾನ, ಹೇಳು.”

ನಾನು ಬೆರಳು ತೋರಿಸುತ್ತಿದ್ದೆ. ಅವನೂ ಕಣ್ಣು ಮುಚ್ಚಿ ತೋರಿಸುತ್ತಿದ್ದ. ಕಣ್ಣು ಬಿಟ್ಟು ನೋಡಿದರೆ ಇಬ್ಬರ ಬೆರಳೂ ಒಂದೇ ಕಡೆಗೆ ಇರುತ್ತಿದ್ದವು. ಹಾರ್ಮೋನಿಯಂ ನುಡಿಸುವ ಬಾಜಾದವ ಎಲ್ಲಿ, ತಂಬೂರಿ ಎಷ್ಟು ಹಿಂದೆ, ಹಾಡುವವನು ಉಸಿರು ಎಳೆದದ್ದು ಕೇಳಿಸಿತೇ ಎಂದು ಕೇಳುತ್ತಿದ್ದ. ಕಚೇರಿಯಲ್ಲಿ, ಬಾಜಾರಿನಲ್ಲಿ, ಅವ್ವನ ಮುಂದೆ, ಎಲ್ಲ ಕಡೆ ಕುಗ್ಗಿಕೊಂಡೇ ಇರುತ್ತಿದ್ದ ಮನುಷ್ಯ ಆ ಅರ್ಧ ಗಂಟೆ ಬೇರೆಯಾಗಿರುತ್ತಿದ್ದ. ಅವನ ವಿಷಯದಲ್ಲಿ ನಾನು ಮನಸಾರೆ ಗೌರವಿಸಿದ್ದು ಆ ಆಟವೊಂದನ್ನೇ.

ನಮ್ಮಲ್ಲಿದ್ದದ್ದು ಒಂದು ಟೇಪ್ ಡೆಕ್ಕು ಮತ್ತು ಚಪಾತಿ ಡಬ್ಬಿಯಷ್ಟು ದೊಡ್ಡ ಎರಡು ಸ್ಪೀಕರು. ಹತ್ತಿರ ಕೂತರೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಗಾದಿಯ ತನಕ ಬರುವಷ್ಟರಲ್ಲಿ ಆ ಮಾಳಿಗೆ ಅರ್ಧ ನುಂಗಿರುತ್ತಿತ್ತು. ಒಂದು ದಿನ ಸಾಹೇಬರು ‘ಆವಾಜ್ ಬರವಲ್ದು’ ಎಂದರು. ಮುಗಿಯಿತು. ಹೊಸ ಸ್ಪೀಕರು ಬೇಕು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಗೆ ಹೋಗಿ ಕೇಳಿ ತರುತ್ತಿದ್ದರು. ಇವರು ಹುಟ್ಟಾ ಗುಮಾಸ್ತರು. ಒಂದು ಕಡತ ತೆರೆದರು! ಕೆಂಪು ದಾರ ಕಟ್ಟಿದ ಕಡತ, ಅದರ ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ ‘ವಿಷಯ: ದೊಡ್ಡ ಕೋಣೆಯ ಶ್ರವಣಕ್ಕೆ ತಕ್ಕ ಸ್ಪೀಕರುಗಳ ಆಯ್ಕೆ.’ ಒಳಗೆ ಕೋಣೆಯ ಉದ್ದಗಲ, ಆಸನ ವ್ಯವಸ್ಥೆಯ ನಕ್ಷೆ, ತುಲನಾ ಪಟ್ಟಿಗೆ ಗೆರೆ ಎಳೆದಿಟ್ಟ ಹಾಳೆ. ಎರಡು ಜೋಡಿ ತರಿಸುವುದು, ಒಂದೇ ಟೇಪನ್ನು ಎರಡರಲ್ಲೂ ಹಚ್ಚುವುದು, ಸದಸ್ಯರು ಕಿರಿಯರಿಂದ ಹಿರಿಯರವರೆಗೆ ಅಭಿಪ್ರಾಯ ಬರೆಯುವುದು, ಕೊನೆಗೆ ಸಾಹೇಬರ ಅವಗಾಹನೆಗೆ ಸಲ್ಲಿಸುವುದು ಎಂದು ಠರಾವಾಯಿತು. ಆದರೆ ಆ ಮಂಡಳಿಯಲ್ಲಿ ಸಾಹೇಬರಿಗಿಂತ ಮೊದಲು ಅಭಿಪ್ರಾಯ ಬರೆಯುವ ಮನುಷ್ಯ ಇನ್ನೂ ಹುಟ್ಟಿರಲಿಲ್ಲ.

ಒಂದು ಜೋಡಿಗೆ ಅಪ್ಪ ಕೋಠಿಯ ಖಾದರ್ ಭಾಯಿಯನ್ನು ಹಿಡಿದ. ರೇಡಿಯೋ, ಟೇಪು ರಿಪೇರಿ ಮಾಡುವ ಗಲ್ಲಿಯಲ್ಲಿ ಅವರದ್ದು ಮೊಣಕಾಲು ಮಡಚಿ ಕೂರುವಷ್ಟು ಅಂಗಡಿ. ಆಂಪ್ಲಿಫೈಯರನ್ನು ಬೇರೆ ಇಡದೆ ಸ್ಪೀಕರಿನ ಡಬ್ಬಿಯೊಳಗೇ ಕೂರಿಸಿ ಕೊಡುವುದರಲ್ಲಿ ಅವರು ಪಳಗಿದ್ದರು. ಬೇರೆ ಆಂಪ್ಲಿಫೈಯರು ಕೊಂಡರೆ ಅದು ಯಾವ ಸ್ಪೀಕರಿಗೆ ಹೊಂದುತ್ತದೋ ಹೇಳಲಾಗದು, ಒಂದೇ ಡಬ್ಬಿಯಲ್ಲಾದರೆ ಒಂದಕ್ಕೊಂದು ಅಳೆದು ಹೊಂದಿಸಿಯೇ ಕೊಡಬಹುದು ಎನ್ನುತ್ತಿದ್ದರು. ಅವರು ಮನೆಗೆ ಬಂದವರೇ ಹಾಲ್ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿದರು. ಶಬ್ದ ಎದುರು ಗೋಡೆಗೆ ಹೋಗಿ, ಹಿಂದಿನ ಗೋಡೆಗೆ ಬಂದು, ಮಾಳಿಗೆಗೆ ಏರಿ ಗುಂಯ್‌ಗುಟ್ಟಿತು.

“ಪೈಲೆ ಕಮರಾ ಸುನೋ ಸಾಬ್, ಸ್ಪೀಕರ್ ಬಾದ್ ಮೆ.”

ಮೊದಲು ಕೋಣೆಯನ್ನು ಕೇಳಿ, ಸ್ಪೀಕರು ಆಮೇಲೆ ಎಂದರು. ಆ ಹಾಲ್‌ನಲ್ಲಿ ಅಷ್ಟು ವರ್ಷಗಳಲ್ಲಿ ಯಾರಾದರೂ ಆಡಿದ ಅರ್ಥವುಳ್ಳ ಮಾತು ಅದೊಂದೇ.

ಎರಡು ವಾರ ಬಿಟ್ಟು ಅರ್ಧ ಕಟ್ಟಿದ ಡಬ್ಬಿ ಹೊತ್ತು ಮತ್ತೆ ಬಂದರು. ಅವತ್ತು ಮಳೆ. ಅವ್ವ ಒಗೆದ ಆರು ಕೌದಿಗಳನ್ನು ಒಣಹಾಕಲು ಜಾಗವಿಲ್ಲದೆ ಹಾಲ್‌ನ ಹಿಂದಿನ ಗೋಡೆಯುದ್ದಕ್ಕೂ ಹಗ್ಗ ಕಟ್ಟಿ ಹರವಿದ್ದಳು. ಅವ್ವನ ಕೌದಿಗಳೆಂದರೆ ಹಳೆಯ ಇಳಕಲ್ ಸೀರೆ, ಅಪ್ಪನ ಹರಿದ ಧೋತರ, ನನ್ನ ಚಿಕ್ಕಂದಿನ ಲಂಗ, ಎಲ್ಲ ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿದದ್ದು. ಎತ್ತಲು ಇಬ್ಬರು ಬೇಕು. ಖಾದರ್ ಭಾಯಿ ಅಭ್ಯಾಸದಂತೆ ಚಪ್ಪಾಳೆ ತಟ್ಟಿದರು. ಈ ಸಲ ಚಪ್ಪಾಳೆ ಚಪ್ಪಾಳೆಯಾಗಿಯೇ ಮುಗಿಯಿತು. ಗುಂಯ್ ಎನ್ನಲಿಲ್ಲ. ಅವರು ಇನ್ನೊಮ್ಮೆ ತಟ್ಟಿದರು, ನಕ್ಕರು, ಹೋಗಿ ಕೌದಿಯ ಅಂಚು ಹಿಡಿದು ಪದರ ಎಣಿಸಿದರು. ಇದನ್ನು ಹೊಲಿದವರು ಯಾರೆಂದು ಕೇಳಿದರು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಇವು ಇಲ್ಲೇ ಇರಲಿ ಅಮ್ಮಾ, ಇವಿದ್ದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ ಎಂದರು ಖಾದರ್ ಭಾಯಿ. ಅವ್ವ ಅವರಿಗೆ ಚಹಾದ ಜೊತೆ ಶೇಂಗಾದ ಹೋಳಿಗೆ ಕೊಟ್ಟಳು, ಮಂಡಳಿಯವರಿಗೆ ಎಂದೂ ಕೊಡದಿದ್ದದ್ದು. ಹೊಸ ಸ್ಪೀಕರು ಬರುವ ತನಕ ಮಂಡಳಿ ಸೇರುತ್ತಿರಲಿಲ್ಲ, ಹಾಗಾಗಿ ಕೌದಿಗಳು ಒಣಗಿದ ಮೇಲೂ ಗೋಡೆಯ ಮೇಲೇ ಉಳಿದವು. ಖಾದರ್ ಭಾಯಿ ಆ ಕೌದಿಗಳಿದ್ದ ಕೋಣೆಯನ್ನೇ ಕೇಳಿ ಕೇಳಿ, ಮೂರು ಸಲ ಬಂದು, ತಮ್ಮ ಡಬ್ಬಿಗಳನ್ನು ತಿದ್ದಿದರು. ಮಂಡಳಿ ಒಪ್ಪದಿದ್ದರೆ ಆ ಜೋಡಿ ಬೇರೆ ಯಾರ ಮನೆಗೂ ಹೊಂದುವಂತಿರಲಿಲ್ಲ.

ಇನ್ನೊಂದು ಜೋಡಿ ಹಣಮಂತರಾಯರ ಕೊಡುಗೆ. ಅವರು ಜನವರಿಯಲ್ಲಿ ನಾಂಪಲ್ಲಿಯ ವಸ್ತುಪ್ರದರ್ಶನವಾದ ನುಮಾಯಿಶ್‌ಗೆ ಹೋಗಿದ್ದಾಗ ಜಯಂಟ್ ವೀಲ್ ಪಕ್ಕದಲ್ಲಿ ಕೂಗುತ್ತಿದ್ದ ಸ್ಪೀಕರುಗಳನ್ನು ಕಂಡು ಮರುಳಾಗಿದ್ದರು. ಸಂಗೀತದ ಬಗ್ಗೆ ಅವರಿಗೆ ಇದ್ದ ಅಭಿಪ್ರಾಯ ಒಂದೇ: ದೂರಕ್ಕೆ ಕೇಳಬೇಕು. ಆಬಿಡ್ಸ್‌ನ ಒಂದು ಅಂಗಡಿಯಿಂದ ಅಂಥದ್ದೇ ಜೋಡಿಯನ್ನು, ಬೇಡವಾದರೆ ಮರಳಿಸುತ್ತೇವೆಂದು ಹೇಳಿ ತರಿಸಿದರು. ನನ್ನ ಭುಜದ ಎತ್ತರ, ಮುಂದೆ ಮಿರಿಮಿರಿ ಜಾಲರಿ, ಹಾಡಿಗೆ ತಕ್ಕಂತೆ ಏರಿಳಿಯುವ ಕೆಂಪು ದೀಪಗಳ ಸಾಲು. ಅವುಗಳೊಳಗೂ ಆಂಪ್ಲಿಫೈಯರಿತ್ತು. ಬುದ್ಧಿ ಮಾತ್ರ ಇರಲಿಲ್ಲ.

ಎರಡೂ ಜೋಡಿ ಕೇಳಿ ಆರಿಸಬೇಕಿದ್ದ ಭಾನುವಾರ ಬೆಳಿಗ್ಗೆ ನಾನು ಎದ್ದು ಬಂದಾಗ ಅಪ್ಪ ಸ್ಟೂಲಿನ ಮೇಲೆ ನಿಂತು ಹಗ್ಗ ಬಿಚ್ಚುತ್ತಿದ್ದ. ಕೌದಿಗಳು ನೆಲದ ಮೇಲೆ ಬಿದ್ದಿದ್ದವು. ಅವ್ವ ಬಾಗಿಲಲ್ಲಿ ನಿಂತಿದ್ದಳು.

“ಯಾಕ ಇಳಸಾಕತ್ತೀರಿ?”

“ಸಾಹೇಬ್ರು ಬರಾವ್ರು. ಹರಕ ಸೀರಿ, ಧೋತರ ಗ್ವಾಡಿಗೆ ಜೋತುಬಿಟ್ಟಿದ್ರ ಏನಂದಾರು?”

“ಅವರು ಕೇಳಾಕ ಬರ್ತಾರೋ, ನೋಡಾಕ ಬರ್ತಾರೋ?”

ಅಪ್ಪ ಸಂಸ್ಕಾರ ತೋರಿಸಿದ. ಇಂಥ ತಪ್ಪನ್ನು ಸಂಗೀತ ಗೊತ್ತಿಲ್ಲದವನು ಮಾಡುವುದಿಲ್ಲ, ನಾಚಿಕೆಗೆ ಹೆದರಿದವನು ಮಾಡುತ್ತಾನೆ. ಸ್ಪೀಕರು ಆರಿಸಲು ಕಡತ ತೆರೆದು, ಕೋಣೆಯ ಅಳತೆ ಬರೆದು, ಕೊನೆಗೆ ಕೋಣೆಯನ್ನೇ ಬದಲಾಯಿಸಿಬಿಟ್ಟ. ಒಂಬತ್ತಕ್ಕೆ ಖಾದರ್ ಭಾಯಿ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರು ಬೋಳು ಗೋಡೆ ನೋಡಿ ಒಂದು ಕಾಲಲ್ಲೇ ನಿಂತರು. ಕೌದಿಗಳು ಎಲ್ಲಿ ಹೋದವೆಂದು ಕೇಳಿದರು. ಒಗೆಯಲು ಹಾಕಿದ್ದೇವೆ ಎಂದ ಅಪ್ಪ. ಅಡುಗೆಮನೆಯಲ್ಲಿ ಪಾತ್ರೆಯೊಂದು ಸದ್ದಾಯಿತು.

ಸಾಹೇಬರು ಬಂದು ಗಾದಿಯ ಮೇಲೆ ಕೂತರು. ತೋಡಿ ರಾಗದ ಟೇಪು ಹಚ್ಚಲಾಯಿತು. ಮೊದಲು ಆಬಿಡ್ಸ್‌ನ ಜೋಡಿ. ತಂಬೂರಿ ಹಿಟ್ಟಿನ ಗಿರಣಿಯಾಯಿತು. ತಬಲಾದ ಜೊತೆಯ ಡಗ್ಗಾದ ಪ್ರತಿ ಪೆಟ್ಟೂ ಎದುರು ಗೋಡೆಗೆ ಬಡಿದು, ತಿರುಗಿ ಬಂದು, ಮುಂದಿನ ಪೆಟ್ಟಿನ ಮೇಲೆ ಬೀಳುತ್ತಿತ್ತು. ಹಾಡುವವನು ಬಾವಿಯೊಳಗಿಂದ ಸಹಾಯಕ್ಕೆ ಕೂಗುತ್ತಿದ್ದ ಹಾಗಿತ್ತು. ಟ್ರೇಯಲ್ಲಿದ್ದ ಕಪ್ಪುಗಳು ನನ್ನ ಕೈಯಲ್ಲೇ ನಡುಗಿದವು. ಕೆಂಪು ದೀಪಗಳು ಕುಣಿದವು. ಸಾಹೇಬರು ಎಂದೂ ಇಲ್ಲದ್ದು ಕಣ್ಣರಳಿಸಿ ನೆಟ್ಟಗೆ ಕೂತರು.

“ಹೂಂ. ಇದರಾಗ ದಮ್ ಐತಿ.”

“ಎದಿಗೇ ಬಂದು ಬಡೀತೈತ್ರಿ ಸಾಹೇಬ್ರ!” ಎಂದರು ಹಣಮಂತರಾಯರು.

ಆಮೇಲೆ ಖಾದರ್ ಭಾಯಿಯ ಜೋಡಿ. ಕೌದಿ ಇಲ್ಲದ್ದು ಗೊತ್ತಾಗುತ್ತಿತ್ತು, ಸ್ವರದ ಅಂಚು ಸ್ವಲ್ಪ ಕರಗುತ್ತಿತ್ತು. ಆದರೂ ಹಾಡುವವನು ಆ ಹಾಲ್‌ಗೆ ಬಂದು ಕೂತ. ಎತ್ತರವಾಗಿ ಅಲ್ಲ, ದೂರದಲ್ಲೂ ಅಲ್ಲ, ನಾಲ್ಕು ಮಾರು ಎದುರಿಗೆ. ಅವನು ಉಸಿರು ಎಳೆದುಕೊಂಡದ್ದು ಕೇಳಿಸಿತು. ಬಲಕ್ಕೆ ತಬಲಾ, ಎಡಕ್ಕೆ ಮೆಲ್ಲಗೆ ಬಾಜಾ. ನಾನು ಅಪ್ಪನನ್ನು ನೋಡಿದೆ. ಕಡತ ತೊಡೆಯ ಮೇಲಿತ್ತು, ಕಣ್ಣು ಮುಚ್ಚಿದ್ದವು, ಬಲಗೈಯ ಬೆರಳು ತನ್ನಷ್ಟಕ್ಕೆ ತಾನೇ ಎದ್ದು ತಬಲಾದವನನ್ನು ತೋರಿಸುತ್ತಿತ್ತು. ಅವನು ಕೇಳುತ್ತಿದ್ದ. ಅಷ್ಟರಲ್ಲಿ ಸಾಹೇಬರು ತಲೆ ಅತ್ತಿತ್ತ ಹೊರಳಿಸಿದರು.

“ಬಾಜಾದವ ಎಲ್ಲಿ ಹೋದ?”

ಬಾಜಾದವ ಎಡಕ್ಕೆ ಕೂತಿದ್ದ, ಸಾಹೇಬರ ಕೇಳದ ಕಿವಿಯ ಕಡೆ. ಯಾರು ಹೇಳಬೇಕು? ಬಾಜಾ ಮಾತ್ರ ಮುದ್ದಾಗಿ ಹಾಡುವವನ ಹಿಂದೆಯೇ ಹೋಗುತ್ತಿತ್ತು.

“ಬರೋಬ್ಬರಿ ಹಿಡದ್ರಿ ಸಾಹೇಬ್ರ,” ಎಂದರು ಹಣಮಂತರಾಯರು. “ಬಾಜಾ ಇಲ್ಲೇ ಇಲ್ರಿ.”

“ಹೌದ್ರಿ, ಇಲ್ಲ,” ಎಂದರು ಪಕ್ಕದವರು. “ನನಗೂ ಬರವಲ್ದು,” ಎಂದರು ಅವರ ಪಕ್ಕದವರು. ಹೀಗೆ ಬಾಗಿಲ ತನಕ, ಎರಡೂ ಕಿವಿ ನೆಟ್ಟಗಿದ್ದ ಆರು ಮಂದಿ ಗಂಡಸರು, ಮಕ್ಕಳು ಮರಿ ಇದ್ದವರು, ಎದುರಿಗೆ ನುಡಿಯುತ್ತಿದ್ದ ಬಾಜಾವನ್ನು ಇಲ್ಲ ಎಂದರು. ಜೀವನದಲ್ಲಿ ಮುಂದೆ ನಾನು ಎಷ್ಟೋ ಮಂದಿ ಹೇಡಿಗಳನ್ನು ಕಂಡಿದ್ದೇನೆ. ಇಷ್ಟು ಅಗ್ಗಕ್ಕೆ, ಹೆದರಿಕೆ ಹಾಕುವವರೂ ಇಲ್ಲದೆ, ಸೂಸಲ ತಿನ್ನುತ್ತ ಹೇಡಿಗಳಾದವರನ್ನು ಮತ್ತೆ ಕಾಣಲಿಲ್ಲ. ಹೊಸ್ತಿಲ ಬಳಿ ನಿಂತಿದ್ದ ಖಾದರ್ ಭಾಯಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅರ್ಥವಾಗಿತ್ತು. ಅವರು ಅಪ್ಪನನ್ನೇ ನೋಡುತ್ತಿದ್ದರು.

ಅಪ್ಪ ಗಂಟಲು ಸರಿಮಾಡಿಕೊಂಡ. ಈಗ ಹೇಳುತ್ತಾನೆ ಎಂದುಕೊಂಡೆ.

“ನಮ್ಮ ಹುಡುಗಿ ಕಿವಿ ಭಾಳ ಚುರುಕ್ರಿ ಸಾಹೇಬ್ರ. ಅಕೀನ್ನ ಒಂದ ಮಾತು ಕೇಳೂಣ್ರಿ.”

ಎಲ್ಲರೂ ನಕ್ಕರು. ಸಾಹೇಬರು ಕೈ ಬೀಸಿ ಕರೆದರು. ನಾನು ಟ್ರೇ ಹಿಡಿದುಕೊಂಡೇ ಮುಂದೆ ಹೋಗಿ, ಕಚೇರಿಯವರ ಹಾಗೆ ಸುತ್ತು ಹಾಕಿ ಅವರ ಬಲಕ್ಕೆ ನಿಂತೆ. ಯಾರೂ ಹೇಳಿಕೊಟ್ಟಿರಲಿಲ್ಲ.

“ಬಾರವ್ವ. ನಿನಗ ಬಾಜಾ ಕೇಳಸ್ತೇನು?”

ಅಪ್ಪನ ಕಡೆ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಹುಬ್ಬು ಮೇಲೆ ಹೋಗಿದ್ದವು, ತುಟಿ ಒಂದಿಷ್ಟು ತೆರೆದಿತ್ತು, ಕಣ್ಣಲ್ಲಿ ಅಂಗಲಾಚುವಂಥದ್ದೇನೋ ಇತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಮಾನ ಕಳೀಬ್ಯಾಡ ಎನ್ನುವ ನೋಟ. ಹಾಗೆಂದೇ ತಿಳಿದೆ.

“ಇಲ್ರಿ,” ಎಂದೆ.

“ಯಾವ ಜೋಡಿ ಚಲೋ?”

“ಒಂದನೇದು ಚಲೋ ಐತ್ರಿ.”

ಸಾಹೇಬರು ನನ್ನ ತಲೆ ಸವರಿದರು. ಶಾಣ್ಯಾ ಹುಡುಗಿ ಎಂದರು ಹಣಮಂತರಾಯರು. ಅಪ್ಪ ತಲೆ ಬಗ್ಗಿಸಿ ತುಲನಾ ಪಟ್ಟಿಯಲ್ಲಿ ದುಂಡಗೆ ಏನೋ ಬರೆದ. ಖಾದರ್ ಭಾಯಿ ಒಳಗೆ ಬಂದು ತಮ್ಮ ವೈರುಗಳನ್ನು ಕಿತ್ತು, ಅವಸರವಿಲ್ಲದೆ ಮೊಣಕೈಗೆ ಸುತ್ತಿಕೊಂಡರು. ನನ್ನ ಕಡೆ ನೋಡಲಿಲ್ಲ. ಆ ಜೋಡಿ ಸೈಕಲ್ ರಿಕ್ಷಾದಲ್ಲಿ ಹೋಯಿತು. ಆಮೇಲೆ ಅದು ಏನಾಯಿತೆಂದು ನಮ್ಮ ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ.

ಖಾಲಿ ಕಪ್ಪು ಒಳಗೆ ಒಯ್ದೆ. ಅವ್ವ ನನ್ನ ಕೈಯಿಂದ ಟ್ರೇ ತೆಗೆದುಕೊಂಡಳು.

“ಬಾಜಾ ಕೇಳಸಲಿಲ್ಲ ಅಂದೇನ? ನನಗ ಒಲಿ ಮುಂದ ಕೇಳಸ್ತು.”

ಅಪ್ಪನಿಗೆ ಅವಳು ಮಾಡಿದ್ದು ಬೇರೆ. ಊಟದ ನಂತರ ಅಪ್ಪ ಹಿತ್ತಿಲಿಗೆ ಹೋಗಿ ನೋಡಿದರೆ ಆರೂ ಕೌದಿಗಳು ದೊಡ್ಡ ಹಂಡೆಯಲ್ಲಿ, ಬಕೀಟುಗಳಲ್ಲಿ, ಸೋಡಾಪುಡಿ ಹಾಕಿದ ನೀರಲ್ಲಿ ಮುಳುಗಿದ್ದವು. ಆ ಮಳೆಗಾಲದಲ್ಲಿ ಒಣಗಲು ಒಂದು ವಾರ ಬೇಕು.

“ಒಗ್ಯಾಕ ಹಾಕೇವಿ ಅಂದ್ರಲ್ಲ. ಸುಳ್ಳಾಗಬಾರದು ಅಂತ ಹಾಕೀನಿ.”

ಸಂಜೆ, ಬೆಳಕಿರುವಾಗಲೇ, ಅಪ್ಪ ಆ ಬೋಳು ಹಾಲ್‌ನಲ್ಲಿ ಹೊಸ ಸ್ಪೀಕರುಗಳ ಎದುರು ಕೂತಿದ್ದ. ಕುರ್ಚಿ ಮುಂದೆ ಎಳೆದು ನೋಡಿದ, ಹಿಂದೆ ಎಳೆದು ನೋಡಿದ, ಡಬ್ಬಿಗಳನ್ನು ಗೋಡೆಗೆ ತಿರುಗಿಸಿಯೂ ನೋಡಿದ. ಗಿರಣಿ ಗಿರಣಿಯೇ. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ ಸದ್ದು ಕಡಿಮೆ ಮಾಡಿದ.

“ನಿನ್ನ ಯಾಕ ಕರದೆ ಅಂತ ತಿಳೀಲಿಲ್ಲೇನು?”

“ನೀ ಹಂಗ ನೋಡಿದ್ಯಲ್ಲಪಾ. ಹೇಳಬ್ಯಾಡ ಅಂದಂಗಾತು.”

“ಹೇಳು ಅಂತ ನೋಡಿದ್ನವ್ವ. ನೀ ಸಣ್ಣಾಕಿ. ನೀ ಹೇಳಿದ್ರ ಯಾರೂ ಏನೂ ಅಂತಿದ್ದಿಲ್ಲ. ನಾ ಹೆಂಗ ಹೇಳಲಿ?”

ಹನ್ನೊಂದು ವರ್ಷದ ಮಗಳ ಹಿಂದೆ ಅಡಗಲು ನೋಡಿದ ಗಂಡಸು ಎಂದು ಅವನನ್ನು ನಾನು ಬಹಳ ವರ್ಷ ಹೀಯಾಳಿಸಿದ್ದೇನೆ, ಮನಸ್ಸಿನಲ್ಲಿ, ಒಂದೆರಡು ಸಲ ಬಾಯಿ ಬಿಟ್ಟೂ. ಮೇಲಿನವರ ಮುಖ ನೋಡಿ ಮಾತಾಡುವವರನ್ನು ಕಂಡರೆ ಇಂದಿಗೂ ನನಗೆ ಮೈ ಉರಿಯುತ್ತದೆ, ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಅದಕ್ಕೆ ಹೆಸರಾಗಿದ್ದೆ. ಆದರೆ ಅವನು ಅವತ್ತು ಬಾಜಾ ಇಲ್ಲ ಎಂದು ಹೇಳಲಿಲ್ಲ. ಆ ಕೋಣೆಯಲ್ಲಿ ಅದನ್ನು ಕೇಳಿಸಿಕೊಂಡು, ಅದರ ಸೊಗಸು ತಿಳಿದು, ಇಲ್ಲ ಎಂದು ಬಾಯಿಂದ ಹೇಳಿದವಳು ನಾನೊಬ್ಬಳೇ. ಉಳಿದ ಆರು ಮಂದಿ ಕಿವಿಗೊಟ್ಟು ಕೇಳಿಯೇ ಇರಲಿಲ್ಲ, ಅವರಿಗೆ ಅಷ್ಟಾದರೂ ರಿಯಾಯಿತಿ ಉಂಟು.

ಮುಂದಿನ ಭಾನುವಾರ ಮಂಡಳಿ ಹೋದ ಮೇಲೆ ಅಪ್ಪ ಜಮಖಾನ ಮಡಚುವ ಮೊದಲು ಅದೇ ತೋಡಿಯನ್ನು ಹಚ್ಚಿದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಕಣ್ಣು ಮುಚ್ಚಿದೆ. ಗುಡುಗುಡು ಸದ್ದಿನಲ್ಲಿ ತಬಲಾದವ ಎಲ್ಲಿದ್ದಾನೆಂದು ಹುಡುಕುತ್ತ, ಬೆರಳು ಸಿದ್ಧ ಮಾಡಿಕೊಂಡು, ಅಪ್ಪ ‘ಎಲ್ಲಿ ಕೂತಾನ’ ಎಂದು ಕೇಳಲೆಂದು ಕಾದೆ. ಟೇಪಿನ ಒಂದು ಬದಿ ಪೂರ್ತಿ ಮುಗಿಯಿತು. ಕಣ್ಣು ಬಿಟ್ಟಾಗ ಅಪ್ಪ ಆಗಲೇ ಎದ್ದು ಜಮಖಾನದ ಆ ತುದಿ ಹಿಡಿದಿದ್ದ, ನಾನು ಏಳಲೆಂದು ಕಾಯುತ್ತಿದ್ದ.